ರೂಟ್ ಹಕ್ಕಿನವರೆಗೆ: ಸ್ವಯಂಸೇವಕ ಸಿಸ್‌ಅಡ್ಮಿನ್ ತಯಾರಾಗುವ ಬಗೆ

ಲಿನಕ್ಸ್ ವಿತರಣೆಯೊಂದು ಜನರ ಕೈ ತಲುಪಬೇಕಾದರೆ ಕೋಡ್ ಬರೆದರಷ್ಟೇ ಸಾಲದು. ಬರೆದ ಕೋಡನ್ನು ಕಾಪಿಡಲು, ಅದರಿಂದ ಪ್ಯಾಕೇಜುಗಳನ್ನು ಕಟ್ಟಲು, ಕಟ್ಟಿದ್ದಕ್ಕೆ ಡಿಜಿಟಲ್ ಸಹಿ ಹಾಕಲು, ದೇಶದೇಶಗಳ ಮಿರರ್ ಸರ್ವರ್‌ಗಳಿಗೆ ಹಂಚಲು ಹಗಲಿರುಳು ಓಡುವ ಯಂತ್ರಗಳು ಬೇಕು. ಆ ಯಂತ್ರಗಳನ್ನು ನೋಡಿಕೊಳ್ಳುವವರೇ ಸಿಸ್ಟಮ್ ಅಡ್ಮಿನಿಸ್ಟ್ರೇಟರ್‌ಗಳು, ರೂಢಿಯ ಮಾತಿನಲ್ಲಿ ಸಿಸ್‌ಅಡ್ಮಿನ್‌ಗಳು. ಡಿಸ್ಕ್ ತುಂಬುವ ಮೊದಲೇ ಗಮನಿಸುವುದು, ವೆಬ್ ಪ್ರಮಾಣಪತ್ರಗಳ ಅವಧಿ ಮುಗಿಯದಂತೆ ನೋಡಿಕೊಳ್ಳುವುದು, ಭದ್ರತಾ ತಿದ್ದುಪಡಿ ಬಂದ ಕೂಡಲೇ ಹಾಕುವುದು, ಬ್ಯಾಕಪ್‌ನಿಂದ ದತ್ತಾಂಶ ನಿಜಕ್ಕೂ ಮರಳಿ ಬರುತ್ತದೆಯೇ ಎಂದು ಆಗಾಗ ಪರೀಕ್ಷಿಸುವುದು ಇವರ ನಿತ್ಯದ ಕೆಲಸ. ಕಂಪನಿಗಳಲ್ಲಿ ಇದಕ್ಕೆಂದೇ ಸಂಬಳದ ನೌಕರರಿರುತ್ತಾರೆ. ಡೆಬಿಯನ್, ಕೆಡಿಇ, ಫೆಡೋರಾದಂಥ ಯೋಜನೆಗಳಲ್ಲಿ ಈ ಹೊಣೆ ಪೂರ್ತಿಯಾಗಿಯೋ ಭಾಗಶಃವೋ ಸ್ವಯಂಸೇವಕರ ಹೆಗಲ ಮೇಲಿದೆ.

ಸ್ವಯಂಸೇವಕ ಪ್ರೋಗ್ರಾಮರ್‌ಗಳನ್ನು ಬರಮಾಡಿಕೊಳ್ಳುವುದು ಹೋಲಿಕೆಯಲ್ಲಿ ಸುಲಭ. ಗುರುತು ಪರಿಚಯವಿಲ್ಲದವರು ಕಳಿಸಿದ ಪ್ಯಾಚನ್ನು ಅನುಭವಿಯೊಬ್ಬರು ಸಾಲುಸಾಲಾಗಿ ಓದುತ್ತಾರೆ. ಸರಿಯಿದ್ದರೆ ಸೇರಿಸುತ್ತಾರೆ, ಇಲ್ಲವಾದರೆ ತಿದ್ದಲು ಹೇಳಿ ಹಿಂದಿರುಗಿಸುತ್ತಾರೆ. ಓದಿ ಮುಗಿಸುವವರೆಗೆ ಪ್ಯಾಚ್ ಕಾಯುತ್ತದೆ. ಓಡುತ್ತಿರುವ ಸರ್ವರ್‌ನಲ್ಲಿ ಟೈಪಿಸಿದ ಆದೇಶ ಕಾಯುವುದಿಲ್ಲ. ಎಂಟರ್ ಕೀ ಒತ್ತಿದ ಮರುಗಳಿಗೆಯಲ್ಲೇ ಅದು ಜಾರಿಯಾಗಿರುತ್ತದೆ. ಹಾಗಾಗಿ ಸಿಸ್‌ಅಡ್ಮಿನ್ ಆಗಲು ಬಂದ ಹೊಸಬರಿಗೆ ಹಕ್ಕು ಕೊಡದಿದ್ದರೆ ಅವರು ಕೆಲಸ ಕಲಿಯಲಾರರು. ಕಲಿಯದವರ ಕೈಗೆ ಹಕ್ಕು ಕೊಡುವ ಧೈರ್ಯ ಯಾರಿಗೂ ಇಲ್ಲ. ಈ ತೊಡಕನ್ನು ಬಿಡಿಸಿಕೊಳ್ಳಲು ಮುಕ್ತ ತಂತ್ರಾಂಶ ಯೋಜನೆಗಳು ಹಲವು ವರ್ಷ ತಡಕಾಡಿವೆ.

ತೊಡಕಿನ ಆಳ ತಿಳಿಯಲು ರೂಟ್ ಎಂದರೇನೆಂದು ನೋಡಬೇಕು. ಯುನಿಕ್ಸ್ ಪರಂಪರೆಯ ಕಾರ್ಯಾಚರಣ ವ್ಯವಸ್ಥೆಗಳಲ್ಲಿ ಪ್ರತಿ ಬಳಕೆದಾರರಿಗೂ ಒಂದು ಸಂಖ್ಯೆ ಇರುತ್ತದೆ. 0 ಸಂಖ್ಯೆಯ ಖಾತೆಯೇ ರೂಟ್. ಕಡತಗಳಿಗೆ ಹಾಕಿದ ಓದುವ, ಬರೆಯುವ ಕಟ್ಟುಪಾಡುಗಳು ರೂಟ್‌ಗೆ ಲೆಕ್ಕಕ್ಕಿಲ್ಲ. ಯಾರ ಕಡತವನ್ನಾದರೂ ತೆರೆಯಬಹುದು, ಯಾವ ಪ್ರೋಗ್ರಾಮನ್ನಾದರೂ ನಿಲ್ಲಿಸಬಹುದು. ಅದಕ್ಕಿಂತ ಗಂಭೀರವಾದದ್ದು, ತಾನು ಮಾಡಿದ್ದರ ದಾಖಲೆ ಉಳಿಯುವ ಲಾಗ್ ಕಡತವನ್ನೂ ರೂಟ್ ಅಳಿಸಬಲ್ಲದು. ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ 1975ರ ತಮ್ಮ ಪ್ರಬಂಧದಲ್ಲಿ ಕನಿಷ್ಠ ಅಧಿಕಾರದ ತತ್ವವನ್ನು ಮುಂದಿಟ್ಟರು: ಪ್ರತಿ ಪ್ರೋಗ್ರಾಮಿಗೂ ಪ್ರತಿ ಬಳಕೆದಾರರಿಗೂ ಹಿಡಿದ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರವಿರಬೇಕು. ಭದ್ರತೆಯ ಪಾಠಗಳಲ್ಲಿ ಅಂದಿನಿಂದ ಇಂದಿನವರೆಗೆ ಇದು ಮೊದಲ ಪುಟದಲ್ಲಿದೆ. ಆದರೆ ಕಲಿಯುವವರಿಗೆ ಎಷ್ಟು ಬೇಕು ಎಂಬ ಪ್ರಶ್ನೆಗೆ ಆ ತತ್ವ ಉತ್ತರ ಹೇಳುವುದಿಲ್ಲ. ಅದನ್ನು ಪ್ರತಿ ಯೋಜನೆಯೂ ತಾನೇ ಕಂಡುಕೊಳ್ಳಬೇಕು.

ಎಡವಟ್ಟಾದರೆ ಏನಾಗುತ್ತದೆ ಎಂಬುದಕ್ಕೆ ಫೆಡೋರಾದ ಇತಿಹಾಸದಲ್ಲೇ ಉದಾಹರಣೆ ಇದೆ. ರೆಡ್ ಹ್ಯಾಟ್ ಕಂಪನಿಯ ಆಸರೆಯಲ್ಲಿ 2003ರಲ್ಲಿ ಶುರುವಾದ ಈ ಯೋಜನೆ ಸುಮಾರು ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಹೊರತರುತ್ತದೆ. 2008ರ ಆಗಸ್ಟ್‌ನಲ್ಲಿ ಅದರ ಸರ್ವರ್‌ಗಳಿಗೆ ಯಾರೋ ನುಗ್ಗಿದ್ದು ಪತ್ತೆಯಾಯಿತು. ಸುಳಿವು ಸಿಕ್ಕಿದ್ದು ಒಂದು ಯಂತ್ರದಲ್ಲಿ ನಿಗದಿತ ಸಮಯಕ್ಕೆ ತಾನಾಗಿ ಓಡುವ ಕ್ರಾನ್ ಕೆಲಸ ಕಳಿಸಿದ ದೋಷಸಂದೇಶದಿಂದ. ನುಗ್ಗಿದವರು ಯಾವ ಗೋಡೆಯನ್ನೂ ಒಡೆದಿರಲಿಲ್ಲ. ಫೆಡೋರಾದ ಹೊರಗಿನ ಬೇರೊಂದು ಯಂತ್ರದಲ್ಲಿದ್ದ, ಒಬ್ಬ ಅಡ್ಮಿನ್‌ಗೆ ಸೇರಿದ, ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಖಾಸಗಿ ಕೀಲಿಯ ನಕಲು ಅವರಿಗೆ ದಕ್ಕಿತ್ತು. ಆ ಕೀಲಿಗೆ ಗುಪ್ತವಾಕ್ಯದ ರಕ್ಷಣೆ ಇರಲಿಲ್ಲ. ಪ್ಯಾಕೇಜುಗಳಿಗೆ ಸಹಿ ಹಾಕುವ ಯಂತ್ರವೂ ಬಾಧಿತವಾದವುಗಳಲ್ಲಿ ಸೇರಿತ್ತು. ಸಹಿಯ ಗುಪ್ತವಾಕ್ಯ ಕಳ್ಳರಿಗೆ ಸಿಕ್ಕಿರಲಿಲ್ಲವೆಂದು ತನಿಖೆಯಲ್ಲಿ ಗೊತ್ತಾದರೂ ಯೋಜನೆ ಸಹಿಯ ಹಳೆಯ ಕೀಲಿಯನ್ನು ಕೈಬಿಟ್ಟು ಹೊಸದನ್ನು ಮಾಡಿ, ಬಳಕೆಯಲ್ಲಿದ್ದ ಆವೃತ್ತಿಗಳ ಪ್ಯಾಕೇಜುಗಳಿಗೆ ಮತ್ತೆ ಸಹಿ ಹಾಕಬೇಕಾಯಿತು. ಒಬ್ಬರ ಅಜಾಗ್ರತೆಗೆ ಲಕ್ಷಾಂತರ ಬಳಕೆದಾರರ ಕಂಪ್ಯೂಟರ್‌ಗಳು ಅಪಾಯದ ಅಂಚಿಗೆ ಬಂದಿದ್ದವು. ಇಂಥ ಪೆಟ್ಟು ತಿಂದ ತಂಡ ಬಾಗಿಲು ಮುಚ್ಚಿಕೊಂಡು, ಪರಿಚಿತರನ್ನಷ್ಟೇ ಒಳಗೆ ಬಿಡುತ್ತೇವೆ ಎಂದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಫೆಡೋರಾದ ಮೂಲಸೌಕರ್ಯ ತಂಡ ಬಾಗಿಲು ಮುಚ್ಚಲಿಲ್ಲ. ಒಳಗೆ ಬರುವ ದಾರಿಯನ್ನು ಹಂತಹಂತವಾಗಿ ಕಟ್ಟಿತು.

ಹೊಸಬರ ಪ್ರವೇಶಕ್ಕೆ ಅಡ್ಡಿಯಾಗುವುದು ಭದ್ರತೆಯ ಭಯವೊಂದೇ ಅಲ್ಲ. ಐಬಿಎಂನ ಓಎಸ್/360 ಯೋಜನೆ ನಡೆಸಿದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ತಡವಾಗಿರುವ ತಂತ್ರಾಂಶ ಯೋಜನೆಗೆ ಜನ ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ತೋರಿಸಿಕೊಟ್ಟರು. ಹೊಸಬರಿಗೆ ಕಲಿಸುವವರು ಹಳಬರೇ. ಕಲಿಸುವ ಹೊತ್ತಿನಲ್ಲಿ ಅವರ ಕೆಲಸ ನಿಂತಿರುತ್ತದೆ. ಜೊತೆಗೆ ಜನ ಹೆಚ್ಚಿದಷ್ಟೂ ಅವರವರ ನಡುವಿನ ಮಾತುಕತೆಯ ಎಳೆಗಳು ಇನ್ನೂ ಬೇಗ ಹೆಚ್ಚುತ್ತವೆ. 5 ಜನರ ತಂಡದಲ್ಲಿ ಇಬ್ಬಿಬ್ಬರ ಜೋಡಿಗಳು 10. 10 ಜನರಲ್ಲಿ 45. 20 ಜನರಲ್ಲಿ 190. ಸ್ವಯಂಸೇವಕ ತಂಡಕ್ಕೆ ಈ ಲೆಕ್ಕ ಇನ್ನೂ ಬಿಗಿ. ಕಲಿಸುವವರು ಕೊಡುವುದು ಸಂಜೆಯ ಒಂದೆರಡು ಗಂಟೆ, ಕಲಿಯಲು ಬಂದವರು ಮುಂದಿನ ತಿಂಗಳು ಇರುತ್ತಾರೋ ಇಲ್ಲವೋ ಗೊತ್ತಿಲ್ಲ. ಹತ್ತು ಜನರಿಗೆ ಕಲಿಸಿದರೆ ಒಬ್ಬಿಬ್ಬರು ಉಳಿಯಬಹುದು ಎಂಬ ಎಣಿಕೆಯ ಮೇಲೆಯೇ ಇಡೀ ವ್ಯವಸ್ಥೆ ನಿಲ್ಲಬೇಕು.

ಕೆಲಸ ಕಲಿಯುವ ಕ್ರಮದ ಬಗ್ಗೆ ಕಂಪ್ಯೂಟರ್ ಲೋಕದ ಹೊರಗಿನಿಂದ ಬಂದ ಒಂದು ಅಧ್ಯಯನ ಇಲ್ಲಿ ತುಂಬ ಉಪಯುಕ್ತ. ಮಾನವಶಾಸ್ತ್ರಜ್ಞೆ ಜೀನ್ ಲೇವ್ ಪಶ್ಚಿಮ ಆಫ್ರಿಕಾದ ಲೈಬೀರಿಯಾದಲ್ಲಿ ವಾಯ್ ಮತ್ತು ಗೋಲಾ ಸಮುದಾಯದ ದರ್ಜಿಗಳ ನಡುವೆ ಇದ್ದು, ಹುಡುಗರು ಕಸುಬು ಕಲಿಯುವ ರೀತಿಯನ್ನು ಗಮನಿಸಿದರು. ಎಟಿಯೆನ್ ವೆಂಗರ್ ಜೊತೆ ಸೇರಿ 1991ರಲ್ಲಿ ತಂದ ಪುಸ್ತಕದಲ್ಲಿ ಈ ದರ್ಜಿಗಳ ಪ್ರಸ್ತಾಪವಿದೆ. ಉಡುಪು ತಯಾರಾಗುವ ಕ್ರಮ ಮೊದಲು ಕತ್ತರಿಸುವುದು, ಆಮೇಲೆ ಹೊಲಿಯುವುದು, ಕೊನೆಗೆ ಗುಂಡಿ ಹಚ್ಚುವುದು, ಅಂಚು ಮಡಿಸುವುದು. ಕಲಿಯುವ ಕ್ರಮ ಇದಕ್ಕೆ ತಿರುಗುಮುರುಗು. ಹುಡುಗ ಮೊದಲು ಗುಂಡಿ ಹಚ್ಚುತ್ತಾನೆ, ಅಂಚು ಹೊಲಿಯುತ್ತಾನೆ. ಆಮೇಲೆ ಬಿಡಿಭಾಗಗಳನ್ನು ಜೋಡಿಸಿ ಹೊಲಿಯುತ್ತಾನೆ. ಕತ್ತರಿ ಅವನ ಕೈಗೆ ಬರುವುದು ಎಲ್ಲಕ್ಕಿಂತ ಕೊನೆಗೆ. ಗುಂಡಿ ತಪ್ಪಿದರೆ ಬಿಚ್ಚಿ ಮತ್ತೆ ಹಚ್ಚಬಹುದು, ತಪ್ಪಾಗಿ ಕತ್ತರಿಸಿದ ಬಟ್ಟೆ ಹೋದಂತೆಯೇ. ಸಿಸ್‌ಅಡ್ಮಿನ್ ಕೆಲಸಕ್ಕೂ ಇದೇ ಕ್ರಮ ಒಪ್ಪುತ್ತದೆ. ಯಾರಿಗೆ ಎಷ್ಟು ಗೊತ್ತು ಎಂಬುದು ಎರಡನೆಯ ಮಾತು. ಈ ಕೆಲಸದಲ್ಲಿ ತಪ್ಪಾದರೆ ಸರಿಪಡಿಸಬಹುದೇ ಎಂಬುದು ಮೊದಲ ಮಾತು, ಮತ್ತು ಒಳ್ಳೆಯ ಯೋಜನೆಗಳು ಹಕ್ಕಿನ ಮೆಟ್ಟಿಲುಗಳನ್ನು ಅದರ ಮೇಲೆಯೇ ಕಟ್ಟಿವೆ.

ಫೆಡೋರಾದ ಮೊದಲ ಮೆಟ್ಟಿಲಿಗೆ ಅಪ್ರೆಂಟಿಸ್ ಗುಂಪು ಎಂದು ಹೆಸರು. ಸೇರಲು ಪದವಿ ಬೇಕಿಲ್ಲ, ಸಂದರ್ಶನವಿಲ್ಲ. ಯೋಜನೆಯ ಖಾತೆಯೊಂದನ್ನು ಮಾಡಿಕೊಂಡು, ತಂಡಕ್ಕೆ ತಮ್ಮ ಪರಿಚಯ, ಗೊತ್ತಿರುವ ವಿದ್ಯೆ, ಆಸಕ್ತಿ ತಿಳಿಸಿದರೆ ಆಯಿತು. ಗುಂಪಿಗೆ ಸೇರಿದವರಿಗೆ ಯೋಜನೆಯ ಹೆಚ್ಚಿನ ಯಂತ್ರಗಳಿಗೆ ಲಾಗಿನ್ ಆಗುವ ಅವಕಾಶ ಸಿಗುತ್ತದೆ. ಅದು ನೋಡುವ ಹಕ್ಕು ಮಾತ್ರ. ಸಂರಚನೆಯ ಕಡತ ಓದಬಹುದು, ಯಾವ ಪ್ರೋಗ್ರಾಮ್ ಓಡುತ್ತಿದೆ ಎಂದು ನೋಡಬಹುದು, ಡಿಸ್ಕ್ ಎಷ್ಟು ತುಂಬಿದೆ ಎಂದು ಅಳೆಯಬಹುದು. ಬದಲಾಯಿಸಲು ಬೇಕಾದ ಸುಡೋ ಹಕ್ಕು, ಅಂದರೆ ರೂಟ್ ಆಗಿ ಆದೇಶ ಓಡಿಸುವ ಹಕ್ಕು, ಇರುವುದಿಲ್ಲ. ಗುಟ್ಟಿನ ಕಡತಗಳು, ಪಾಸ್‌ವರ್ಡ್‌ಗಳು ಪ್ರತ್ಯೇಕವಾಗಿ, ಕೆಲವೇ ಜನರ ಕೈಯಲ್ಲಿರುತ್ತವೆ.

ನೋಡುವ ಹಕ್ಕನ್ನು ಅಲ್ಪವೆಂದು ತಿಳಿಯಬಾರದು. ಸಿಸ್‌ಅಡ್ಮಿನ್ ಕೆಲಸದ ದೊಡ್ಡ ಪಾಲು ರೋಗ ಪತ್ತೆ ಮಾಡುವುದು, ಮತ್ತು ಪತ್ತೆಗೆ ಕಣ್ಣು ಸಾಕು. ನಿಜವಾದ ಭಾರ ಹೊತ್ತು ಓಡುವ ನೂರಾರು ಯಂತ್ರಗಳ ಒಳಹೊಕ್ಕು ನೋಡುವ ಅವಕಾಶ ಯಾವ ಕಾಲೇಜಿನ ಪ್ರಯೋಗಾಲಯದಲ್ಲೂ ಸಿಗುವುದಿಲ್ಲ. ಓದುವಾಗ ಮಾಡಿದ ತಪ್ಪಿನಿಂದ ಯಾರಿಗೂ ನಷ್ಟವೂ ಇಲ್ಲ.

ಲಾಗಿನ್ ಆಗುವ ಬಗೆಯೇ ಮೊದಲ ಪಾಠ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದಾಲಿಸಿದ್ದು ಗೊತ್ತಾದ ಮೇಲೆ ಅಲ್ಲಿನ ಸಂಶೋಧಕ ತಾತು ಯುಲೋನೆನ್ ಎಸ್‌ಎಸ್‌ಎಚ್ ವಿಧಾನವನ್ನು ರೂಪಿಸಿದರು. ಇದರಲ್ಲಿ ಪ್ರತಿಯೊಬ್ಬರಿಗೂ ಜೋಡಿ ಕೀಲಿ. ಸಾರ್ವಜನಿಕ ಕೀಲಿಯನ್ನು ಯೋಜನೆಗೆ ಕೊಟ್ಟಿರುತ್ತಾರೆ. ಖಾಸಗಿ ಕೀಲಿ ಸ್ವಯಂಸೇವಕರ ಲ್ಯಾಪ್‌ಟಾಪ್ ಬಿಟ್ಟು ಕದಲುವುದಿಲ್ಲ. ಪ್ರತಿ ಲಾಗಿನ್‌ಗೂ ಹೊಸದಾಗಿ ಹುಟ್ಟುವ ಮಾಹಿತಿಗೆ ಲ್ಯಾಪ್‌ಟಾಪ್ ಖಾಸಗಿ ಕೀಲಿಯಿಂದ ಸಹಿ ಹಾಕಿ ಕಳಿಸುತ್ತದೆ, ಸರ್ವರ್ ಸಾರ್ವಜನಿಕ ಕೀಲಿಯಿಂದ ಸಹಿಯನ್ನು ತಾಳೆ ನೋಡುತ್ತದೆ. ಗುಟ್ಟು ಜಾಲದ ಮೇಲೆ ಹಾಯುವುದೇ ಇಲ್ಲ. ದೂರದ ಊರಿನ, ಮುಖ ನೋಡದ ವ್ಯಕ್ತಿಯನ್ನು ಪಾಸ್‌ವರ್ಡ್ ಹಂಚಿಕೊಳ್ಳದೆ ಒಳಗೆ ಬಿಡಲು ಇದರಿಂದ ಸಾಧ್ಯವಾಯಿತು.

ಹೊಸಬರು ನೇರವಾಗಿ ಎಲ್ಲ ಯಂತ್ರಗಳನ್ನೂ ತಲುಪುವುದಿಲ್ಲ. ಹೊರಜಗತ್ತಿಗೆ ತೆರೆದಿರುವುದು ಬ್ಯಾಸ್ಟಿಯನ್ ಎಂಬ ಹೆಬ್ಬಾಗಿಲಿನ ಸರ್ವರ್ ಮಾತ್ರ, ಉಳಿದವು ಅದರ ಹಿಂದೆ. ಈ ಎರಡು ಹಂತದ ಪಯಣದಲ್ಲಿ ಸೋಮಾರಿತನಕ್ಕೆ ಬಲಿಯಾಗುವವರು ಬಹಳ. ಏಜೆಂಟ್ ಫಾರ್ವರ್ಡಿಂಗ್ ಎಂಬ ಸೌಲಭ್ಯ ಬಳಸಿದರೆ ಲ್ಯಾಪ್‌ಟಾಪಿನ ಕೀಲಿಯಿಂದ ಸಹಿ ಹಾಕಿಸಿಕೊಳ್ಳುವ ಶಕ್ತಿ ನಡುವಿನ ಸರ್ವರ್‌ಗೂ ದೊರೆಯುತ್ತದೆ. ಆ ಸರ್ವರ್ ಕಳ್ಳರ ವಶದಲ್ಲಿದ್ದರೆ ಶಕ್ತಿಯೂ ಅವರದ್ದೇ. 2019ರ ಏಪ್ರಿಲ್‌ನಲ್ಲಿ ಮ್ಯಾಟ್ರಿಕ್ಸ್ ಎಂಬ ಮುಕ್ತ ಸಂವಹನ ಯೋಜನೆಯ ಸರ್ವರ್‌ಗಳಲ್ಲಿ ನುಸುಳುಕೋರರು ಒಂದರಿಂದ ಇನ್ನೊಂದಕ್ಕೆ ಹಬ್ಬಿದ್ದು ಹೀಗೆಯೇ. ನಡುವಿನ ಸರ್ವರ್ ಬರೀ ದತ್ತಾಂಶವನ್ನು ದಾಟಿಸುವ, ಕೀಲಿಯ ಗೊಡವೆಗೆ ಹೋಗದ ಪ್ರಾಕ್ಸಿಜಂಪ್ ವಿಧಾನ 2016ರಿಂದ ಓಪನ್‌ಎಸ್‌ಎಸ್‌ಎಚ್‌ನಲ್ಲಿದೆ. ಅಪ್ರೆಂಟಿಸ್‌ಗಳು ಮೊದಲ ದಿನವೇ ಅದನ್ನು ರೂಢಿ ಮಾಡಿಕೊಳ್ಳುವುದು ಒಳ್ಳೆಯದು.

ನೋಡುವ ಹಕ್ಕಿನಿಂದ ಮಾಡುವ ಕೆಲಸದವರೆಗೆ ಸೇತುವೆಯಾದದ್ದು ಸಂರಚನೆಯನ್ನು ಕೋಡ್ ರೂಪದಲ್ಲಿ ಬರೆಯುವ ಪದ್ಧತಿ. ಹಿಂದೆ ಸಿಸ್‌ಅಡ್ಮಿನ್‌ಗಳು ಒಂದೊಂದು ಯಂತ್ರಕ್ಕೂ ಹೋಗಿ ಕೈಯಾರೆ ಬದಲಾವಣೆ ಮಾಡುತ್ತಿದ್ದರು. ಮಾಡಿದ್ದು ಅವರ ನೆನಪಿನಲ್ಲಷ್ಟೇ ಉಳಿಯುತ್ತಿತ್ತು. ಪಪೆಟ್, ಆನ್ಸಿಬಲ್ ಮೊದಲಾದ ಸಾಧನಗಳು ಇದನ್ನು ಬದಲಿಸಿದವು. ಯಂತ್ರ ಯಾವ ಸ್ಥಿತಿಯಲ್ಲಿರಬೇಕು ಎಂದು ಪಠ್ಯಕಡತದಲ್ಲಿ ಬರೆದರೆ, ಸಾಧನ ಈಗಿನ ಸ್ಥಿತಿಯನ್ನು ನೋಡಿ ವ್ಯತ್ಯಾಸವಿದ್ದಲ್ಲಿ ಮಾತ್ರ ಕೈ ಹಾಕುತ್ತದೆ. ಚೆನ್ನಾಗಿ ಬರೆದ ಕಡತವನ್ನು ಒಮ್ಮೆ ಓಡಿಸಿದರೂ ಹತ್ತು ಸಲ ಓಡಿಸಿದರೂ ಫಲ ಒಂದೇ. ಫೆಡೋರಾ ತಂಡ ಮೊದಲು ಪಪೆಟ್ ಬಳಸುತ್ತಿತ್ತು. 2012ರಲ್ಲಿ ಮೈಕೆಲ್ ಡಿಹಾನ್ ಆನ್ಸಿಬಲ್ ಹೊರತಂದ ಮೇಲೆ ಕ್ರಮೇಣ ಅದಕ್ಕೆ ಹೊರಳಿಕೊಂಡಿತು. ಗುಟ್ಟುಗಳನ್ನು ಬೇರೆ ಇರಿಸಿ ಉಳಿದ ಕಡತಗಳನ್ನೆಲ್ಲ ಸಾರ್ವಜನಿಕ ಗಿಟ್ ಭಂಡಾರದಲ್ಲಿ ಇಟ್ಟಿದ್ದರಿಂದ ಹಕ್ಕಿಲ್ಲದವರೂ ಬದಲಾವಣೆಯನ್ನು ಸೂಚಿಸಬಹುದಾಯಿತು. ಕಾಯದ ಆದೇಶ ಈಗ ಕಾಯುವ ಪ್ಯಾಚ್ ಆಗಿತ್ತು. ಪ್ರೋಗ್ರಾಮರ್‌ಗಳಿಗೆ ಮೊದಲಿನಿಂದ ಇದ್ದ ಅನುಕೂಲ ಸಿಸ್‌ಅಡ್ಮಿನ್‌ಗಳಿಗೂ ದೊರೆತದ್ದು ಈ ಕ್ಷೇತ್ರದಲ್ಲಾದ ಅತಿ ದೊಡ್ಡ ಬದಲಾವಣೆ ಎಂದರೆ ಉತ್ಪ್ರೇಕ್ಷೆಯಲ್ಲ.

ಹೊಸಬರಿಗೆಂದು ಕಾದಿರಿಸಿದ ಕೆಲಸಗಳಿಗೆ ಫೆಡೋರಾದಲ್ಲಿ ಈಸಿಫಿಕ್ಸ್ ಎಂಬ ಗುರುತು ಹಚ್ಚುತ್ತಾರೆ. ಅಂಥ ಒಂದು ಟಿಕೆಟ್, ಅಂದರೆ ದಾಖಲಾದ ಕೆಲಸದ ಕೋರಿಕೆ, ಸಾಗುವ ದಾರಿಯನ್ನು ಹತ್ತಿರದಿಂದ ನೋಡಬಹುದು. ಒಂದು ಸರ್ವರ್‌ನ ಡಿಸ್ಕ್ ಶೇ 90 ತುಂಬಿದೆ ಎಂದು ಉಸ್ತುವಾರಿ ತಂತ್ರಾಂಶ ಎಚ್ಚರಿಸಿದೆ ಎಂದುಕೊಳ್ಳೋಣ. ಅಪ್ರೆಂಟಿಸ್ ಬ್ಯಾಸ್ಟಿಯನ್ ದಾಟಿ ಒಳಹೋಗಿ ಡಿಎಫ್ ಆದೇಶ ಕೊಟ್ಟು ಯಾವ ವಿಭಾಗ ತುಂಬಿದೆ ಎಂದು ನೋಡುತ್ತಾರೆ. ಡಿಯು ಆದೇಶದಿಂದ ಯಾವ ಕಡತಕೋಶ ಉಬ್ಬಿದೆ ಎಂದು ಹುಡುಕುತ್ತಾರೆ. ಕೆಲವು ಕೋಶಗಳು ಅನುಮತಿ ಇಲ್ಲವೆಂದು ಹಿಂದಿರುಗಿಸುತ್ತವೆ. ತನಗೆ ಏನು ಕಾಣುವುದಿಲ್ಲ ಎಂಬುದೂ ಆಗ ತಿಳಿಯುತ್ತದೆ. ಕೊನೆಗೆ ಒಂದು ಸೇವೆಯ ಲಾಗ್ ತಿಂಗಳುಗಟ್ಟಲೆ ಬೆಳೆಯುತ್ತಲೇ ಇರುವುದು ಗೊತ್ತಾಗುತ್ತದೆ. ಹಳೆಯ ಲಾಗ್‌ಗಳನ್ನು ವಾರಕ್ಕೊಮ್ಮೆ ಬದಿಗೆ ಸರಿಸಿ ಅಳಿಸುವ ಲಾಗ್‌ರೊಟೇಟ್ ಪಟ್ಟಿಯಲ್ಲಿ ಆ ಸೇವೆಯ ಹೆಸರಿಲ್ಲ.

ಅಪ್ರೆಂಟಿಸ್ ಆನ್ಸಿಬಲ್ ಭಂಡಾರದಲ್ಲಿ ಆ ಸೇವೆಯ ಭಾಗವನ್ನು ಹುಡುಕಿ, ನಾಲ್ಕಾರು ಸಾಲಿನ ಲಾಗ್‌ರೊಟೇಟ್ ಸೂಚನೆ ಬರೆದು ಪರಿಶೀಲನೆಗೆ ಕಳಿಸುತ್ತಾರೆ. ಓದಿದ ಹಿರಿಯರು ಒಂದು ಪ್ರಶ್ನೆ ಕೇಳುತ್ತಾರೆ: ಲಾಗ್ ಕಡತವನ್ನು ಸರಿಸಿದ ಮೇಲೆ ಆ ಸೇವೆ ಎಲ್ಲಿಗೆ ಬರೆಯುತ್ತದೆ? ಯುನಿಕ್ಸ್‌ನಲ್ಲಿ ಕಡತದ ಹೆಸರು ಬೇರೆ, ಕಡತ ಬೇರೆ. ಪ್ರೋಗ್ರಾಮ್ ಒಮ್ಮೆ ತೆರೆದ ಕಡತವನ್ನು ಹೆಸರು ಬದಲಿಸಿದರೂ ಅಳಿಸಿದರೂ ಅದು ಹಳೆಯದಕ್ಕೇ ಬರೆಯುತ್ತಿರುತ್ತದೆ. ಪ್ರೋಗ್ರಾಮ್ ಅದನ್ನು ಮುಚ್ಚುವವರೆಗೆ ಡಿಸ್ಕ್‌ನ ಜಾಗ ಬಿಡುಗಡೆಯಾಗದು. ಕಡತ ಅಳಿಸಿದ ಮೇಲೂ ಡಿಸ್ಕ್ ತುಂಬಿಯೇ ಇದೆ ಎಂಬ ಒಗಟಿಗೆ ಸಿಸ್‌ಅಡ್ಮಿನ್‌ಗಳೆಲ್ಲ ಒಮ್ಮೆಯಾದರೂ ಎದುರಾಗುತ್ತಾರೆ. ಅಪ್ರೆಂಟಿಸ್ ಸೂಚನೆಯನ್ನು ತಿದ್ದಿ, ಸರಿಸಿದ ಕೂಡಲೇ ಲಾಗನ್ನು ಹೊಸದಾಗಿ ತೆರೆಯುವಂತೆ ಸೇವೆಗೆ ಸಂಕೇತ ಕಳಿಸುವ ಸಾಲು ಸೇರಿಸುತ್ತಾರೆ. ಹಿರಿಯರು ಅದನ್ನು ಆನ್ಸಿಬಲ್‌ನ ಚೆಕ್ ಮೋಡ್‌ನಲ್ಲಿ ಓಡಿಸುತ್ತಾರೆ. ಏನೂ ಬದಲಾಗದೆ, ಏನು ಬದಲಾಗಲಿದೆ ಎಂಬುದಷ್ಟೇ ಪರದೆಯ ಮೇಲೆ ಬರುತ್ತದೆ. ಸರಿಯೆನಿಸಿದ ಮೇಲೆ ನಿಜವಾಗಿ ಓಡಿಸುತ್ತಾರೆ. ಟಿಕೆಟ್ ಮುಚ್ಚುತ್ತದೆ. ರೂಟ್ ಹಕ್ಕು ಅಪ್ರೆಂಟಿಸ್ ಕೈಗೆ ಬರಲೇ ಇಲ್ಲ, ಆದರೆ ಕೆಲಸ ಮಾಡಿದವರು ಅವರೇ.

ಇಂಥ ಕೆಲಸವನ್ನು ಹಿರಿಯರು ಐದು ನಿಮಿಷದಲ್ಲಿ ಮುಗಿಸಬಲ್ಲರು. ಮುಗಿಸದೆ ಬಿಡುವುದೇ ಅವರಿಗೆ ಕಷ್ಟ. ಎಷ್ಟೋ ಯೋಜನೆಗಳಲ್ಲಿ ಹೊಸಬರು ಬಂದು ಎರಡು ವಾರ ಸುಮ್ಮನೆ ಕುಳಿತು ಹೊರಟುಹೋಗಲು ಕಾರಣ ಅವರ ನಿರಾಸಕ್ತಿಯಲ್ಲ. ಮಾಡಲು ಸಣ್ಣ ಕೆಲಸ ಒಂದನ್ನೂ ಯಾರೂ ಉಳಿಸದೇ ಇದ್ದದ್ದು. ಕೆಲಸ ಉಳಿಸುವುದಕ್ಕೂ ಶಿಸ್ತು ಬೇಕು: ಟಿಕೆಟ್‌ನಲ್ಲಿ ಹಿನ್ನೆಲೆ ಬರೆಯಬೇಕು, ಯಾವ ಕಡತ ನೋಡಬೇಕು ಎಂದು ಸೂಚಿಸಬೇಕು, ಯಾರನ್ನು ಕೇಳಬೇಕು ಎಂದು ಹೇಳಬೇಕು. ಬ್ರೂಕ್ಸ್ ಲೆಕ್ಕವನ್ನು ಮೀರಲು ಇರುವ ಇನ್ನೊಂದು ಉಪಾಯವೂ ಬರವಣಿಗೆಯೇ. ಮತ್ತೆ ಮತ್ತೆ ಮಾಡುವ ಕೆಲಸಗಳ ಕ್ರಮವನ್ನು ಫೆಡೋರಾ ತಂಡ ಎಸ್‌ಒಪಿ ಎಂಬ ಕಾರ್ಯವಿಧಾನದ ಕಡತಗಳಲ್ಲಿ ಬರೆದಿಡುತ್ತದೆ. ಅವನ್ನು ಓದಿ, ಹಾಗೆಯೇ ಮಾಡಿ ನೋಡಿ, ತಪ್ಪಿದ್ದರೆ ತಿದ್ದುವುದು ಹೊಸಬರಿಗೆ ಹೇಳಿ ಮಾಡಿಸಿದ ಕೆಲಸ. ಹಳಬರ ಕಣ್ಣಿಗೆ ಕಾಣದ ಕೊರತೆ ಹೊಸಬರ ಕಣ್ಣಿಗೆ ಬೇಗ ಕಾಣುತ್ತದೆ.

ಅಪ್ರೆಂಟಿಸ್‌ಗಳಿಗೆ ತಿಂಗಳಿಗೊಮ್ಮೆ ಒಂದು ಮಿಂಚಂಚೆ ಬರುವ ರೂಢಿಯಿದೆ: ಇನ್ನೂ ಆಸಕ್ತಿ ಇದೆಯೇ, ಈ ತಿಂಗಳು ಏನು ಮಾಡಿದಿರಿ, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ? ಉತ್ತರಿಸದವರನ್ನು ಗುಂಪಿನಿಂದ ತೆಗೆಯುತ್ತಾರೆ. ಮತ್ತೆ ಬೇಕೆಂದಾಗ ಸೇರಬಹುದು, ಕಾರಣ ಹೇಳಬೇಕಿಲ್ಲ. ಬಳಕೆಯಲ್ಲಿಲ್ಲದ ಖಾತೆ ಯಾರ ಗಮನಕ್ಕೂ ಬಾರದೆ ಕಳವಾಗುವ ಅಪಾಯ ಇದರಿಂದ ತಪ್ಪುತ್ತದೆ. ಸ್ವಯಂಸೇವಕರಿಗೂ ಅವಮಾನವಿಲ್ಲದೆ ಹೊರಹೋಗುವ ದಾರಿ ಸಿಗುತ್ತದೆ. ಪರೀಕ್ಷೆ, ಹೊಸ ಉದ್ಯೋಗ, ಮನೆಯ ಜವಾಬ್ದಾರಿ ಯಾವುದೇ ಬರಲಿ, ಬಿಟ್ಟುಹೋದವರು ತಪ್ಪಿತಸ್ಥರೆನಿಸಿಕೊಳ್ಳುವುದಿಲ್ಲ. ಅದರಿಂದಲೇ ಮರಳಿ ಬರಲು ಅವರಿಗೆ ಸಂಕೋಚವೂ ಇರುವುದಿಲ್ಲ.

ಸತತವಾಗಿ ಕೆಲಸ ಮಾಡಿದವರು ಮೇಲಿನ ಗುಂಪುಗಳಿಗೆ ಸೇರುತ್ತಾರೆ. ಈ ಗುಂಪುಗಳು ವಿಷಯವಾರು ಹಂಚಿಹೋಗಿವೆ: ವೆಬ್ ಸರ್ವರ್‌ಗಳಿಗೆ ಒಂದು, ಉಸ್ತುವಾರಿಗೆ ಒಂದು, ಹೀಗೆ. ಆಯಾ ಗುಂಪಿನ ಯಂತ್ರಗಳಲ್ಲಷ್ಟೇ ಹಕ್ಕು. ಎಲ್ಲ ಯಂತ್ರಗಳ ಮೇಲೂ ರೂಟ್ ಹಕ್ಕಿರುವುದು ಸಿಸ್‌ಅಡ್ಮಿನ್-ಮೇನ್ ಎಂಬ ಸಣ್ಣ ಗುಂಪಿಗೆ. ಸುಡೋ ಬಳಸಲು ಪಾಸ್‌ವರ್ಡ್ ಜೊತೆಗೆ ಕ್ಷಣಕ್ಷಣಕ್ಕೆ ಬದಲಾಗುವ ಇನ್ನೊಂದು ಸಂಖ್ಯೆಯನ್ನೂ ಕೊಡಬೇಕು. 2008ರಲ್ಲಿ ಆದಂತೆ ಕೀಲಿಯೊಂದೇ ಕಳುವಾದರೆ ಈಗ ಕಳ್ಳರ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಮೇಲಿನ ಗುಂಪಿಗೆ ಬಂದವರೂ ಒಂಟಿಯಾಗಿ ನಿರ್ಧರಿಸದ ಅವಧಿಗಳಿವೆ. ಹೊಸ ಆವೃತ್ತಿಯ ಬೀಟಾ ಮತ್ತು ಅಂತಿಮ ಬಿಡುಗಡೆಗೆ ಮುಂಚೆ ಫ್ರೀಜ್ ಘೋಷಿಸುತ್ತಾರೆ. ಆಗ ಮುಖ್ಯ ಯಂತ್ರಗಳಲ್ಲಿ ಏನು ಬದಲಿಸಬೇಕಾದರೂ ಬದಲಾವಣೆಯನ್ನು ಕಾರಣಸಹಿತ ತಂಡದ ಮುಂದಿಟ್ಟು ಇನ್ನಿಬ್ಬರ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಸೂಚಿಸುವವರು ಪ್ಲಸ್ ಒನ್ ಎಂದು ಬರೆಯುತ್ತಾರೆ. ಕೆಲಸ ನಿಧಾನವಾಗುವ ಈ ವಾರಗಳು ಅಪ್ರೆಂಟಿಸ್‌ಗಳಿಗೆ ಅತ್ಯುತ್ತಮ ತರಗತಿ. ಉಳಿದ ದಿನಗಳಲ್ಲಿ ಹಿರಿಯರ ತಲೆಯೊಳಗೇ ಮುಗಿದುಹೋಗುವ ಯೋಚನೆ ಈಗ ಎಲ್ಲರ ಕಣ್ಣೆದುರು ಬರಹಕ್ಕಿಳಿದಿರುತ್ತದೆ.

ಇಷ್ಟೆಲ್ಲ ಕಟ್ಟಿದರೂ ನಂಬಿಕೆಯ ಪ್ರಶ್ನೆ ಪೂರ್ತಿ ಬಗೆಹರಿಯುವುದಿಲ್ಲ. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯ್ಂಡ್ ಎಂಬ ಪ್ರೋಗ್ರಾಮರ್, ಎಕ್ಸ್‌ಜಡ್ ಎಂಬ ಸಂಕೋಚನ ತಂತ್ರಾಂಶದಲ್ಲಿ ಹಿಂಬಾಗಿಲು ಅಡಗಿದೆಯೆಂದು ಬಹಿರಂಗಪಡಿಸಿದರು. ಎಸ್‌ಎಸ್‌ಎಚ್ ಲಾಗಿನ್‌ಗೆ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದ್ದುದು ಅವರಿಗೆ ಸಿಕ್ಕ ಎಳೆಗಳಲ್ಲೊಂದು. ಹಿಂಬಾಗಿಲು ಇಟ್ಟವರು ಜಿಯಾ ಟಾನ್ ಎಂಬ ಹೆಸರಿನಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡುತ್ತ, ಒಬ್ಬರೇ ನಡೆಸುತ್ತಿದ್ದ ಯೋಜನೆಯ ಸಹನಿರ್ವಾಹಕ ಸ್ಥಾನಕ್ಕೆ ಏರಿದ್ದರು. ಬೇರೆ ಬೇರೆ ಹೆಸರಿನವರು ಮೂಲ ನಿರ್ವಾಹಕರ ಮೇಲೆ ಕೆಲಸ ನಿಧಾನವಾಗುತ್ತಿದೆಯೆಂದು ಒತ್ತಡ ಹೇರಿದ್ದರು. ಫೆಡೋರಾದ ಅಭಿವೃದ್ಧಿ ಶಾಖೆಯಾದ ರಾಹೈಡ್‌ಗೂ ಆಗಿನ್ನೂ ಪರೀಕ್ಷೆಯಲ್ಲಿದ್ದ ಫೆಡೋರಾ 40ಕ್ಕೂ ಹಿಂಬಾಗಿಲಿದ್ದ ಎಕ್ಸ್‌ಜಡ್ ಆವೃತ್ತಿಗಳು ಬಂದಿದ್ದವು. ದೀರ್ಘಕಾಲದ ದುಡಿಮೆಯೊಂದೇ ನಂಬಿಕೆಗೆ ಸಾಕ್ಷಿಯಾಗದು ಎಂದು ಈ ಪ್ರಕರಣ ತೋರಿಸಿತು. ಇದಕ್ಕೆ ಹೊಸಬರನ್ನು ಶಂಕಿಸುವುದು ಪರಿಹಾರವಲ್ಲ. ದಾಳಿಗೆ ತುತ್ತಾದದ್ದು ದಣಿದ ಒಬ್ಬ ವ್ಯಕ್ತಿಯ ಯೋಜನೆ. ಎಷ್ಟೇ ಹಿರಿಯರ ಬದಲಾವಣೆಯನ್ನಾದರೂ ಇನ್ನೊಬ್ಬರು ಓದುವಷ್ಟು ಜನ ಇರಬೇಕಾದರೆ ಹೊಸಬರನ್ನು ಬೆಳೆಸಲೇಬೇಕು.

ಕೆಟ್ಟ ಉದ್ದೇಶವಿಲ್ಲದೆ ಆಗುವ ಅನಾಹುತಗಳೇ ಹೆಚ್ಚು. 2013ರ ಮಾರ್ಚ್ 22ರಂದು ಕೆಡಿಇ ಯೋಜನೆಯ ಸಿಸ್‌ಅಡ್ಮಿನ್‌ಗಳು ಭದ್ರತಾ ತಿದ್ದುಪಡಿ ಹಾಕಲು ಗಿಟ್ ಸರ್ವರ್ ನಿಲ್ಲಿಸಿದರು. ಮತ್ತೆ ಚಾಲೂ ಮಾಡಿದಾಗ ಅದರ ಕಡತವ್ಯವಸ್ಥೆ ಕೆಟ್ಟಿತ್ತು. ಮೂಲ ಸರ್ವರ್‌ನಲ್ಲಿ ಇದ್ದದ್ದನ್ನು ಇದ್ದಂತೆಯೇ ನಕಲು ಮಾಡುವ ಮಿರರ್‌ಗಳು ಆ ಕೇಡನ್ನೂ ನಿಷ್ಠೆಯಿಂದ ನಕಲು ಮಾಡಿಕೊಂಡವು. ಸುಮಾರು 1,500 ಭಂಡಾರಗಳು ಮಾಯವಾಗುವ ಹೊತ್ತು ಬಂದಿತ್ತು. ಅದೃಷ್ಟಕ್ಕೆ ಒಂದೇ ಒಂದು ಸರ್ವರ್‌ನಲ್ಲಿ ಪ್ರತಿ ಉಳಿದಿತ್ತು, ಅದರಿಂದ ಎಲ್ಲವನ್ನೂ ಮರಳಿ ಪಡೆದರು. ತಂಡದವರು ನಡೆದದ್ದನ್ನು ಮುಚ್ಚಿಡದೆ, ಮಿರರ್ ಬ್ಯಾಕಪ್ ಅಲ್ಲ ಎಂಬುದನ್ನು ವಿವರವಾಗಿ ಬರೆದು ಪ್ರಕಟಿಸಿದರು. ಹೊಸ ಸಿಸ್‌ಅಡ್ಮಿನ್‌ಗೆ ಇಂಥ ವರದಿಗಳಿಗಿಂತ ಒಳ್ಳೆಯ ಪಠ್ಯ ಇಲ್ಲ. ಹಿರಿಯರೂ ಎಡವುತ್ತಾರೆ ಮತ್ತು ಎಡವಿದ್ದನ್ನು ಹೇಳಿಕೊಳ್ಳುತ್ತಾರೆ ಎಂದು ತಿಳಿದವರು ತಮ್ಮ ತಪ್ಪನ್ನು ಬಚ್ಚಿಡುವುದಿಲ್ಲ. ಆದ ಕೂಡಲೇ ಹೇಳಿದ ತಪ್ಪು ಬಹುಮಟ್ಟಿಗೆ ಸರಿಪಡಿಸಬಹುದಾದ ತಪ್ಪು.

ಸಮಯವಲಯದ ವಿಷಯವೂ ಇದೆ. ಅಮೆರಿಕದವರಿಗೂ ಯುರೋಪಿನವರಿಗೂ ಅನುಕೂಲವೆಂದು ಯುಟಿಸಿ 18 ಗಂಟೆಗೆ ಸಭೆ ಇಟ್ಟರೆ ಬೆಂಗಳೂರಿನಲ್ಲಿ ರಾತ್ರಿ 11.30. ಅಂಥ ಸಭೆಯಲ್ಲಿ ಮಾತ್ರ ಪರಿಚಯ, ಕೆಲಸ ಹಂಚಿಕೆ ನಡೆದರೆ ಭಾರತದ ಸ್ವಯಂಸೇವಕರು ಎಷ್ಟು ಉತ್ಸಾಹಿಗಳಾದರೂ ಅಂಚಿನಲ್ಲೇ ಉಳಿಯುತ್ತಾರೆ. ಇದೇ ಸಮಯವ್ಯತ್ಯಾಸದ ಇನ್ನೊಂದು ಮಗ್ಗುಲೆಂದರೆ, ಅಮೆರಿಕದ ಅಡ್ಮಿನ್‌ಗಳು ಮಲಗಿರುವಾಗ ಸರ್ವರ್ ಕೈಕೊಟ್ಟರೆ ಎಚ್ಚರವಾಗಿರುವವರು ಇಲ್ಲಿಯವರೇ. ಸಭೆಯ ಪೂರ್ತಿ ದಾಖಲೆಯನ್ನು ಪ್ರಕಟಿಸುವುದು, ಚರ್ಚೆಯನ್ನು ಟಿಕೆಟ್‌ನಲ್ಲೇ ಬರೆದು ಮುಗಿಸುವುದು, ಪ್ರತಿ ವಲಯದಲ್ಲೂ ಒಬ್ಬರಿಗಾದರೂ ಮೇಲಿನ ಹಕ್ಕು ಇರುವಂತೆ ನೋಡಿಕೊಳ್ಳುವುದು ಯೋಜನೆಯ ಸ್ವಂತ ಹಿತಕ್ಕೇ ಬೇಕು.

ಬರಮಾಡಿಕೊಳ್ಳುವಷ್ಟೇ ಕಾಳಜಿಯಿಂದ ಬೀಳ್ಕೊಡಬೇಕು. ಒಬ್ಬರು ಹೊರಟಾಗ ಅವರ ಖಾತೆಯನ್ನು ಗುಂಪುಗಳಿಂದ ತೆಗೆಯುವುದು ಸುಲಭ. ಅವರಿಗೆ ಗೊತ್ತಿದ್ದ ಹಂಚಿಕೆಯ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸುವುದು ಶ್ರಮದ ಕೆಲಸ, ಅದಕ್ಕೇ ಹಂಚಿಕೆಯ ಪಾಸ್‌ವರ್ಡ್‌ಗಳು ಕಡಿಮೆ ಇದ್ದಷ್ಟೂ ಒಳ್ಳೆಯದು. ಹೇಳಿ ಹೋಗಲಾಗದ ಸಂದರ್ಭಗಳೂ ಇವೆ. ಯಮ್ ಪ್ಯಾಕೇಜ್ ವ್ಯವಸ್ಥೆಯನ್ನು ಕಟ್ಟಿದ, ಫೆಡೋರಾದ ಸರ್ವರ್‌ಗಳನ್ನು ಆನ್ಸಿಬಲ್‌ಗೆ ಹೊರಳಿಸುವುದರಲ್ಲಿ ಮುಂದಿದ್ದ ಸೇತ್ ವಿಡಾಲ್ 2013ರ ಜುಲೈ 8ರಂದು ಅಮೆರಿಕದ ಡರ್ಹಮ್‌ನಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದಾಗ ವಾಹನ ಡಿಕ್ಕಿ ಹೊಡೆದು ತೀರಿಕೊಂಡರು. ಗೆಳೆಯನನ್ನು ಕಳೆದುಕೊಂಡ ತಂಡಕ್ಕೆ ಅವರ ಅರ್ಧಕ್ಕೆ ನಿಂತ ಕೆಲಸ ಸಾರ್ವಜನಿಕ ಭಂಡಾರದಲ್ಲಿ, ಎಲ್ಲರೂ ಓದಬಲ್ಲ ರೂಪದಲ್ಲಿ ಉಳಿದಿತ್ತು. ಉಳಿದವರು ಅದನ್ನು ಮುಂದುವರಿಸಿ, ಪಪೆಟ್‌ನಲ್ಲಿದ್ದ ಯಂತ್ರಗಳನ್ನೆಲ್ಲ ಒಂದೊಂದಾಗಿ ಆನ್ಸಿಬಲ್‌ಗೆ ತಂದರು.

ತಾವಾಗಿ ಹೊರಟವರಿಗೆ ಡೆಬಿಯನ್ ಯೋಜನೆ ನಿವೃತ್ತ ಸದಸ್ಯರ ಸ್ಥಾನ ಕೊಡುತ್ತದೆ. ಅವರ ಕೀಲಿಗಳನ್ನು ಸಕ್ರಿಯ ಸದಸ್ಯರ ಕೀಲಿಗೊಂಚಲಿನಿಂದ ತೆಗೆದು ಬೇರೆ ಇಡುತ್ತಾರೆ. ಯಾರ ಸುಳಿವೂ ಇಲ್ಲದಾಗ ವಿಚಾರಿಸಲು ಪ್ರತ್ಯೇಕ ತಂಡವೇ ಇದೆ. ಸಿಸ್‌ಅಡ್ಮಿನ್ ತಂಡಕ್ಕೆ ವರ್ಷಗಳ ನಂತರ ಮರಳುವವರು ಹಳೆಯ ಹಕ್ಕನ್ನು ಹಾಗೆಯೇ ಕೇಳುವುದು ಸರಿಯಲ್ಲ. ಅಷ್ಟರಲ್ಲಿ ಯಂತ್ರಗಳು ಬದಲಾಗಿರುತ್ತವೆ, ಕಾರ್ಯವಿಧಾನಗಳು ತಿದ್ದುಪಡಿಯಾಗಿರುತ್ತವೆ. ಹೊಸ ಜೋಡಿ ಕೀಲಿ ಮಾಡಿಕೊಂಡು, ನೋಡುವ ಹಕ್ಕಿನಿಂದಲೇ ಶುರು ಮಾಡಿ ಕೆಲವು ಟಿಕೆಟ್ ಮುಗಿಸಿದರೆ, ಹಿಂದಿನ ಅನುಭವವಿದ್ದವರು ಮೇಲಿನ ಗುಂಪನ್ನು ಬೇಗ ತಲುಪುತ್ತಾರೆ.